ಮೊಬೈಲ್‌ನಲ್ಲಿ ವೇಗ ಸರಿಯಿದೆ, ಕಂಪ್ಯೂಟರಿನಲ್ಲಿ ಮಾತ್ರ ಇಂಟರ್ನೆಟ್ ಏಕೆ ನಿಧಾನ?

ಮನೆಗೆ 100 ಎಂಬಿಪಿಎಸ್‌ನ ಫೈಬರ್ ಸಂಪರ್ಕವಿದೆ, ಹಜಾರದಲ್ಲಿ ಮೊಬೈಲ್ ಹಿಡಿದು ಪರೀಕ್ಷಿಸಿದರೆ 90ಕ್ಕಿಂತ ಹೆಚ್ಚು ಬರುತ್ತದೆ, ಒಳಕೋಣೆಯ ಡೆಸ್ಕ್‌ಟಾಪ್‌ನಲ್ಲಿ ಮಾತ್ರ 5–6 ದಾಟುವುದಿಲ್ಲ, ಮಗಳ ಆನ್‌ಲೈನ್ ತರಗತಿ ನಡುನಡುವೆ ನಿಂತುಹೋಗುತ್ತದೆ, ಹಾಗಾಗಿ ಪ್ಲಾನ್ ಏರಿಸಬೇಕೇ ಅಥವಾ ಹೊಸ ಕಂಪ್ಯೂಟರ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ತೊಂದರೆ ಎಲ್ಲಿದೆ ಎಂದು ತಿಳಿಯದೆ ಖರ್ಚು ಮಾಡಿದರೆ ಹಣವೂ ಹೋಗುತ್ತದೆ, ತೊಂದರೆಯೂ ಹಾಗೆಯೇ ಉಳಿಯುತ್ತದೆ.

ಕಂಪ್ಯೂಟರಿನಿಂದ ರೂಟರ್‌ವರೆಗಿನದು ಒಂದು ಹಾದಿ, ರೂಟರ್‌ನಿಂದ ಕಂಪನಿಯವರೆಗಿನದು ಇನ್ನೊಂದು. ಹಜಾರದಲ್ಲಿ 90 ಬರುತ್ತಿದೆ ಎಂದರೆ ಎರಡನೆಯ ಹಾದಿ ಸರಿಯಾಗಿದೆ. ಪ್ಲಾನ್ ಏರಿಸಿದರೆ ಅಗಲವಾಗುವುದು ಆ ಎರಡನೆಯ ಹಾದಿಯೇ ಹೊರತು, ಇಕ್ಕಟ್ಟಾಗಿರುವ ಮೊದಲನೆಯದಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ಅದೇ ಮೊಬೈಲನ್ನು ಒಳಕೋಣೆಗೆ ಒಯ್ದು, ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು ಮತ್ತೆ ಪರೀಕ್ಷಿಸಿ. ಆಗ ಮೊಬೈಲ್ ಡೇಟಾವನ್ನು ಕಡ್ಡಾಯವಾಗಿ ಆಫ್ ಮಾಡಿರಬೇಕು, ಏಕೆಂದರೆ ವೈಫೈ ಕ್ಷೀಣವಾದಾಗ ಅನೇಕ ಫೋನ್‌ಗಳು ತಾವಾಗಿಯೇ ಸಿಮ್‌ನ ಇಂಟರ್ನೆಟ್‌ಗೆ ಹೊರಳಿಕೊಂಡು ನಮ್ಮನ್ನು ದಾರಿ ತಪ್ಪಿಸುತ್ತವೆ. ಅಲ್ಲಿ ಮೊಬೈಲಿನ ವೇಗವೂ ಕುಸಿದರೆ ಒಳಕೋಣೆಗೆ ವೈಫೈ ಸರಿಯಾಗಿ ತಲುಪುತ್ತಿಲ್ಲ. ಮೊಬೈಲ್ ಚೆನ್ನಾಗಿಯೇ ಇದ್ದರೆ ದೋಷ ಕಂಪ್ಯೂಟರಿನಲ್ಲಿ ಅಥವಾ ವೈಫೈ ಹಿಡಿಯಲು ಅದರ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿರುವ ಡಾಂಗಲ್‌ನಲ್ಲಿದೆ.

ಇನ್ನೊಂದು ಸರಳ ಪರೀಕ್ಷೆಯೂ ಇದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ನಿಮ್ಮ ರೂಟರ್‌ನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ping ಎಂದು ಬರೆದು ಪಕ್ಕದಲ್ಲಿ ಆ ವಿಳಾಸ ಹಾಕಿ ಎಂಟರ್ ಒತ್ತಿ; ರೂಟರ್ ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅದು ತೋರಿಸುತ್ತದೆ. ಆ ವಿಳಾಸ ಹೆಚ್ಚಾಗಿ 192.168.1.1 ಆಗಿರುತ್ತದೆ, ರೂಟರ್‌ನ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಕೇಬಲ್ ಹಾಕಿದ್ದರೆ ಉತ್ತರ 1 ಮಿಲಿಸೆಕೆಂಡಿನೊಳಗೆ ಬರಬೇಕು, ಒಳ್ಳೆಯ ವೈಫೈನಲ್ಲಿ ಕೆಲವೇ ಮಿಲಿಸೆಕೆಂಡುಗಳಲ್ಲಿ. ಅದು ಒಮ್ಮೆ 3, ಒಮ್ಮೆ 400 ಎಂದು ಜಿಗಿಯುತ್ತಿದ್ದರೆ ಅಥವಾ ಮಧ್ಯೆ ಉತ್ತರವೇ ಬಾರದಿದ್ದರೆ, ಮಾಹಿತಿ ಮನೆಯೊಳಗೇ ಕಳೆದುಹೋಗುತ್ತಿದೆ ಎಂದರ್ಥ.

ನಿಮ್ಮ ಮನೆಯ ಗೋಡೆಗಳು ಕೆಂಪುಕಲ್ಲಿನವು, ಡಾಂಗಲ್ ಸಿಪಿಯುವಿನ ಹಿಂಬದಿಯಲ್ಲಿದೆ ಎಂದು ಬರೆದಿದ್ದೀರಿ. ನನ್ನ ಅನುಮಾನ ಮೊದಲು ಹೋಗುವುದು ಇಲ್ಲಿಗೇ. ಮನೆಯ ವೈಫೈಗೆ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಿದ್ದು, ಮೊದಲನೆಯದು ಗೋಡೆ ದಾಟುವುದರಲ್ಲಿ ಮೇಲು, ಎರಡನೆಯದು ವೇಗದಲ್ಲಿ ಮೇಲು. ಉಗುರಿನಷ್ಟು ಚಿಕ್ಕದಾದ ಅಗ್ಗದ ಡಾಂಗಲ್‌ಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ. ಡಬ್ಬಿಯ ಮೇಲೆ ಅಚ್ಚಾಗಿರುವ 150 ಎಂಬುದು ಆದರ್ಶ ಸ್ಥಿತಿಯ ಅಂಕಿ, ಕೈಗೆ ಸಿಗುವುದು ಅದರ ಅರ್ಧವೋ ಅದಕ್ಕಿಂತ ಕಡಿಮೆಯೋ. ಅದರ ಮೇಲೆ ಲೋಹದ ಕ್ಯಾಬಿನೆಟ್ಟಿನ ಮರೆಯಲ್ಲಿ ಕೂತರೆ ಅದಕ್ಕೆ ರೂಟರ್‌ನ ಮಾತು ಕೇಳುವುದೇ ಕಷ್ಟ. ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ: ಪಕ್ಕದ ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದು 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲೇ ಗದ್ದಲವನ್ನು ಹೊರಸೂಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ದಾಖಲಿಸಿದೆ. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲನ್ನು ಮೇಜಿನ ಮೇಲಕ್ಕೆ, ಬಾಗಿಲ ಕಡೆಗೆ ಮುಖಮಾಡಿಸಿ ಇಡಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ತೊಂದರೆ ಬಗೆಹರಿದದ್ದನ್ನು ಕಂಡಿದ್ದೇನೆ. ಅಕ್ಕಪಕ್ಕದ ಮನೆಗಳ ವೈಫೈ ದಟ್ಟವಾಗಿದ್ದರೆ ರೂಟರ್‌ನ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್‌ನ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಆರಿಸಿಕೊಳ್ಳಬಹುದು.

ಆದರೂ ಒಂದೇ ಜಾಗದಲ್ಲಿರುವ ಡೆಸ್ಕ್‌ಟಾಪ್‌ಗೆ ನಾನು ಮನಃಪೂರ್ವಕವಾಗಿ ಹೇಳುವುದು ರೂಟರ್‌ನಿಂದ ನೇರವಾಗಿ ಎಳೆಯುವ ಲ್ಯಾನ್ ಕೇಬಲನ್ನೇ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಎಳೆಸಿ, ಆದರೆ ಎಳೆಸಿದ ಮೇಲೆ ಪರೀಕ್ಷಿಸುವುದನ್ನು ಮರೆಯಬೇಡಿ. ನಮ್ಮ ಮನೆಯಲ್ಲಿ 200 ಎಂಬಿಪಿಎಸ್‌ನ ಪ್ಲಾನ್ ಇದ್ದರೂ ಕಂಪ್ಯೂಟರಿನಲ್ಲಿ ದಿನವೂ 94ರ ಹತ್ತಿರವೇ ನಿಲ್ಲುತ್ತಿತ್ತು. ಕಂಪನಿಗೆ ಎರಡು ಬಾರಿ ದೂರು ಕೊಟ್ಟೆ; ಬಂದವರು ಲೈನ್ ಸರಿಯಿದೆ ಎಂದರು, ಅವರು ಹೇಳಿದ್ದು ನಿಜವೇ ಆಗಿತ್ತು. ವೇಗ ಏರಿಳಿಯದೆ ಸದಾ 94ಕ್ಕೇ ನಿಲ್ಲುವುದು ಒಂದು ಸುಳಿವು: 100 ಎಂಬಿಪಿಎಸ್‌ನ ಲ್ಯಾನ್ ಕೊಂಡಿಯಲ್ಲಿ ಇತರ ವೆಚ್ಚಗಳೆಲ್ಲ ಕಳೆದು ಉಳಿಯುವುದು ಅಷ್ಟೇ. ವಿಂಡೋಸ್ ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ ನೋಡಿದರೆ 1000 ಇರಬೇಕಾದಲ್ಲಿ 100 ಎಂದಿತ್ತು. ಕೇಬಲಿನೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. 100ರ ವೇಗಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಕೇಬಲನ್ನು ಬಾಗಿಲ ಸಂದಿಯಲ್ಲಿ ಹಾಯಿಸಿದ್ದೆವು, ಬಾಗಿಲು ಹಾಕಿದಾಗಲೆಲ್ಲ ಅದು ಅದುಮಿ ಅದುಮಿ ಚಪ್ಪಟೆಯಾಗಿತ್ತು. ಅಲ್ಲಿ ಕತ್ತರಿಸಿ ಹೊದಿಕೆ ಸುಲಿದು ನೋಡಿದಾಗ ಕಂದು ಬಣ್ಣದ ತಂತಿ ಒಳಗೇ ತುಂಡಾಗಿರುವುದು ಕಂಡಿತು. ಆ ತುದಿಗೆ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿದ ಮೇಲೆ ಪ್ಲಾನಿನ ಪೂರ್ಣ ವೇಗ ಬಂತು. ನಿಮ್ಮ ಪ್ಲಾನ್ 100ರದ್ದಾದ್ದರಿಂದ 94 ಬಂದರೂ ಕೊರತೆಯಾಗದು, ಆದರೆ ಲಿಂಕ್ ಸ್ಪೀಡ್ 10 ಎಂದು ಕಂಡರೆ ಕೇಬಲ್ ಬದಲಿಸಲೇಬೇಕು.

ಇವೆಲ್ಲ ಸರಿಯಿದ್ದೂ ನಿಧಾನವಾಗಿದ್ದರೆ ತರಗತಿ ನಿಂತ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಕಾಲಂನಲ್ಲಿ ಯಾವ ಪ್ರೋಗ್ರಾಂ ಮೇಲಿದೆ ಎಂದು ನೋಡಿ. ವಿಂಡೋಸ್ ಅಪ್‌ಡೇಟ್ ಅಥವಾ ಫೋಟೊಗಳನ್ನು ಕ್ಲೌಡ್‌ಗೆ ಏರಿಸುವ ಪ್ರೋಗ್ರಾಂ ಅಲ್ಲಿ ಸಿಗುವ ಸಂಭವ ಹೆಚ್ಚು. ಅಪ್‌ಲೋಡ್ ಹಾದಿ ತುಂಬಿಹೋದರೆ ಡೌನ್‌ಲೋಡ್ ಕೂಡ ಸೊರಗುತ್ತದೆ, ಏಕೆಂದರೆ ಬಂದ ಮಾಹಿತಿಗೆ ನಮ್ಮ ಕಂಪ್ಯೂಟರ್ ಕಳುಹಿಸುವ ಸ್ವೀಕೃತಿಗಳು ಆ ಸಾಲಿನ ಕೊನೆಯಲ್ಲಿ ಕಾಯುತ್ತ ನಿಲ್ಲಬೇಕಾಗುತ್ತದೆ. ಡಿಎನ್ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ ಎಂಬ ಸಲಹೆಯೂ ನಿಮಗೆ ಬರಬಹುದು. ಪುಟ ತೆರೆಯಲು ತೊಡಗುವ ಕ್ಷಣ ಅದರಿಂದ ಬೇಗವಾದೀತು, 6 ಇದ್ದದ್ದು 90 ಆಗುವುದಿಲ್ಲ.

ಕೇಬಲನ್ನು ನೇರವಾಗಿ ರೂಟರ್‌ಗೆ ಹಾಕಿದರೂ ವೇಗ ಬಾರದಿದ್ದರೆ ಆಗ ಕಂಪನಿಯನ್ನು ಕೇಳಿ. ಬೆಳಿಗ್ಗೆ ಮತ್ತು ರಾತ್ರಿ 9ರ ಹೊತ್ತಿಗೆ ಎರಡು ಮೂರು ದಿನ ಪರೀಕ್ಷಿಸಿದ ಅಂಕಿಗಳನ್ನು ಬರೆದಿಟ್ಟುಕೊಂಡಿದ್ದರೆ ನಿಮ್ಮ ಮಾತಿಗೆ ತೂಕವಿರುತ್ತದೆ. ತಿಂಗಳ ಡೇಟಾ ಮಿತಿ ಮುಗಿದಿದೆಯೇ ಎಂಬುದನ್ನೂ, ಗೋಡೆಯಿಂದ ಬರುವ ತೆಳು ಫೈಬರ್ ವೈರು ಕುರ್ಚಿಯ ಕಾಲಿಗೆ ಸಿಕ್ಕಿ ಮುರುಟಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಮೊಬೈಲನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟಾಗ ಬಂದ ವೇಗ, ರೂಟರ್‌ಗೆ ಮಾಡಿದ ಪಿಂಗ್‌ನ ಅಂಕಿಗಳು ಮತ್ತು ಡಾಂಗಲ್ ಮೇಲಿರುವ ಮಾಡೆಲ್ ಸಂಖ್ಯೆ, ಈ ಮೂರನ್ನು ಇಲ್ಲಿ ಬರೆದರೆ ಡಾಂಗಲ್ ಬದಲಿಸಿದರೆ ಸಾಕೇ, ಕೇಬಲ್ ಎಳೆಸಲೇಬೇಕೇ ಎಂದು ಹೇಳಬಲ್ಲೆ.