ಆನ್ ಮಾಡಿದ ಕೂಡಲೇ ಕಂಪ್ಯೂಟರ್ ಯಾಕೆ ತೆವಳುತ್ತದೆ?

ಪ್ರಶ್ನೆ: ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಬೆಳಿಗ್ಗೆ ಸ್ವಲ್ಪ ಹೊತ್ತು ತುಂಬಾ ನಿಧಾನ, ಆಮೇಲೆ ಸರಿಹೋಗುತ್ತದೆ. ಅದು ಬಿಸಿಯಾಗಬೇಕಾ ಸಾರ್?
– ಓದುಗರು, ತಿಪಟೂರು

ಉತ್ತರ: ಬೇಡ. 1940ರ ದಶಕದ ಎನಿಯಾಕ್ ಎಂಬ ಕಂಪ್ಯೂಟರ್‌ನಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು (ಬಲ್ಬಿನಂಥ ಗಾಜಿನ ಕೊಳವೆಗಳು), ಅವು ಬಿಸಿಯಾಗಲೇಬೇಕಿತ್ತು. ಈಗಿನ ಪ್ರೊಸೆಸರ್ ಹಾಗಲ್ಲ. ಜಾಸ್ತಿ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮ್ಮದರಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇರಬೇಕು. ಡೆಸ್ಕ್‌ಟಾಪ್ ಕಾಣಿಸಿದ ಮೇಲೂ ಆಂಟಿವೈರಸ್, ಅಪ್‌ಡೇಟ್, ಪ್ರಿಂಟರ್ ಸಾಫ್ಟ್‌ವೇರ್ ಎಲ್ಲವೂ ಒಟ್ಟಿಗೆ ಆ ಡಿಸ್ಕನ್ನೇ ಓದುತ್ತಿರುತ್ತವೆ. ಡಿಸ್ಕಿನಲ್ಲಿ ಓದುವ ಭಾಗವಾದ ಹೆಡ್ ಒಂದೊಂದು ಫೈಲಿಗೂ ಅತ್ತಿಂದಿತ್ತ ಓಡಾಡಬೇಕು, ಅಲ್ವಾ? ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟಪ್ ಪಟ್ಟಿಯಲ್ಲಿ (ಆನ್ ಆದಾಗ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳು) ಬೇಡದ್ದನ್ನು ಡಿಸೇಬಲ್ ಮಾಡಿ, ಆಂಟಿವೈರಸ್ ಮಾತ್ರ ಮುಟ್ಟಬೇಡಿ. ಸುಮ್ನೆ ಹೊಸ ಕಂಪ್ಯೂಟರ್ ಕೊಳ್ಳಬೇಡಿ. ನಾನಾದರೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ (ಓಡಾಡುವ ಹೆಡ್ ಇಲ್ಲದ ಡಿಸ್ಕ್) ಹಾಕಿಸುತ್ತೇನೆ. ಅದಕ್ಕೂ ಮೊದಲು ಬಿಲ್ಲುಗಳ ಬ್ಯಾಕಪ್ ತೆಗೆದಿಡಿ.