ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ಮೊದಲು ಊರಿತ್ತಾ?

ನೀವು ಕೇಳಿರುವುದು ಇಷ್ಟು: ಮೈಸೂರಿಗೆ ಹೊಸಬರು, ಕೆಆರ್‌ಎಸ್ ಹಿನ್ನೀರಿಗೆ ಹೋಗಿದ್ದಿರಿ, ಸಮುದ್ರದ ಹಾಗೆ ಅಲೆ ಬಡಿಯುವ ದಡದಲ್ಲಿ ವೇಣುಗೋಪಾಲಸ್ವಾಮಿ ದೇವಸ್ಥಾನ ನೋಡಿದಿರಿ. ಅಲ್ಲಿ ಹಿಂದೆ ಒಂದು ಊರಿತ್ತಂತೆ, ನಿಜವಾ ಅಂತ.

ನಿಜ. ಆದರೆ ನೀವು ನಿಂತಿದ್ದ ಜಾಗದಲ್ಲಲ್ಲ, ಎದುರಿಗಿದ್ದ ನೀರಿನೊಳಗೆ. ಊರಿನ ಹೆಸರು ಕನ್ನಂಬಾಡಿ. ನಾನು ಮಂಡ್ಯ ಕಡೆಯವನು. ನಮ್ಮಲ್ಲಿ ಇವತ್ತಿಗೂ ಹಿರಿಯರು ಕೆಆರ್‌ಎಸ್ (ಕೃಷ್ಣರಾಜಸಾಗರ) ಅಣೆಕಟ್ಟನ್ನು ಕನ್ನಂಬಾಡಿ ಕಟ್ಟೆ ಅಂತಲೇ ಕರೆಯುವುದು. ಮಳೆಗಾಲ ಬಂದರೆ ಟೀ ಅಂಗಡಿಯಲ್ಲಿ ಮೊದಲ ಮಾತೇ "ಕಟ್ಟೆ ಎಷ್ಟ್ ಅಡಿ ಆಯ್ತು?" 124.80 ಅಡಿ ಆದರೆ ಭರ್ತಿ. ಮುಖ್ಯಮಂತ್ರಿ ಬಂದು ಬಾಗಿನ ಬಿಡುತ್ತಾರೆ, ಟಿವಿಯಲ್ಲಿ ತೋರಿಸುತ್ತಾರೆ. ಆ ನೀರಿನ ಅಡಿಯಲ್ಲಿದ್ದ ಮನೆಮಠದ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಕಟ್ಟೆ ಯಾಕೆ ಬೇಕಾಯಿತು ಅಂದರೆ, ಬರೀ ಕಬ್ಬು ಭತ್ತಕ್ಕೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅದರ ಹಿಂದೆ ಕರೆಂಟಿನ ಕತೆಯೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಲು ಶುರುವಾಯಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಮಳೆಗಾಲದ ನೀರು ಕೂಡಿಟ್ಟು ವರ್ಷವಿಡೀ ಬಿಟ್ಟರೆ ಗಣಿಗೂ ಆಯಿತು, ಮಂಡ್ಯದ ಒಣ ಹೊಲಕ್ಕೂ ಆಯಿತು. 1909ರಲ್ಲಿ ಚೀಫ್ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರು ಇದರ ಬೆನ್ನು ಹತ್ತಿದರು. ಹೇಮಾವತಿ, ಲಕ್ಷ್ಮಣತೀರ್ಥ ಎರಡೂ ಕಾವೇರಿಗೆ ಸೇರುವ ಜಾಗದಿಂದ ಕೆಳಗೆ ಕಟ್ಟಿದರೆ ಮೂರು ಹೊಳೆ ನೀರೂ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದರು. 1911ರಲ್ಲಿ ಕೆಲಸ ಶುರು. ಸಿಮೆಂಟ್ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ.

ಕೆಳಗಡೆ ಇದೇ ಕಾವೇರಿ ನೀರು ಬಳಸುತ್ತಿದ್ದ ಮದ್ರಾಸ್ ಸರ್ಕಾರ ಸುಮ್ಮನಿರಲಿಲ್ಲ. ಮೊದಲು 11 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಸಣ್ಣ ಕಟ್ಟೆಗೆ ಮಾತ್ರ ಒಪ್ಪಿಗೆ ಕೊಟ್ಟಿತ್ತು. ಜಗಳ ಎಳೆದಾಡಿ 1924ರ ಒಪ್ಪಂದದಲ್ಲಿ ಒಂದು ಹಂತಕ್ಕೆ ಬಂತು. ಈಗ ಕಟ್ಟೆಯಲ್ಲಿ ಹಿಡಿಯುವುದು ಸುಮಾರು 49 ಟಿಎಂಸಿ. ಇದನ್ನು ನಾವು ಎರಡು ಸರ್ಕಾರಗಳ ಜಗಳ ಅಂತ ಓದುತ್ತೇವೆ. ಹೊಳೆ ದಂಡೆಯ ಜನರಿಗೆ ಅದು ಬೇರೆಯೇ. ಕಟ್ಟೆ ಒಂದೊಂದು ಅಡಿ ಏರಿದಂತೆ ಯಾರ ಗದ್ದೆ ಹೋಗುತ್ತದೆ, ಯಾರ ಹಿತ್ತಿಲು ಉಳಿಯುತ್ತದೆ ಅನ್ನುವ ಲೆಕ್ಕ, ಅಲ್ವಾ?

ಕನ್ನಂಬಾಡಿಯವರಿಗೆ ಮಹಾರಾಜರ ಸರ್ಕಾರ ಮೇಲಿನ ಎತ್ತರದಲ್ಲಿ ಬೇರೆ ಊರು ಮಾಡಿಕೊಟ್ಟಿತು. ಅದೇ ಹೊಸ ಕನ್ನಂಬಾಡಿ. ಆದರೆ ಹೊಳೆ ದಂಡೆಯ ಮೆಕ್ಕಲು ಮಣ್ಣು ಗಾಡಿಯಲ್ಲಿ ಹೇರಿಕೊಂಡು ಹೋಗಲು ಬರುತ್ತಾ? ನಾಲೆ ಹೋಗುವುದು ಕಟ್ಟೆಯಿಂದ ಕೆಳಕ್ಕೆ. ಮುಳುಗಿದ್ದು ಕಟ್ಟೆಯಿಂದ ಮೇಲಕ್ಕೆ. ಹುಲಿಕೆರೆ ಸುರಂಗ ದಾಟಿ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹರಿಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ನಮ್ಮ ಮನೆ ಅನ್ನ ತಿಂದಿದ್ದೂ ಆ ನೀರಿನಿಂದಲೇ. ಹಾಗಾಗಿ ಕಟ್ಟೆ ಬೇಡವಿತ್ತು ಅಂತ ನಾನು ಹೇಳಲಾರೆ. ಆದರೆ ಜಾಗ ಬಿಟ್ಟುಕೊಟ್ಟವರು ಒಬ್ಬರು, ಉಂಡವರು ಇನ್ನೊಬ್ಬರು. ಇದನ್ನು ನಮ್ಮ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಇನ್ನು ದೇವಸ್ಥಾನ. ಅದು ಹಳೆಯದೂ ಹೌದು, ಹೊಸದೂ ಹೌದು. ಹೊಯ್ಸಳರ ಕಾಲದ್ದು, 12ನೇ ಶತಮಾನದ್ದು. ಇದ್ದದ್ದು ಹಳೆ ಊರಿನಲ್ಲಿ. ಊರಿನ ಜೊತೆ ಅದೂ ಮುಳುಗಿತು. ನೀರು ತೀರಾ ಇಳಿದ ಬರಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. 2000ದ ಆಸುಪಾಸಿನಲ್ಲಿ ಹೀಗೆ ಹೊರಬಂದಾಗ ಉದ್ಯಮಿ ಶ್ರೀಹರಿ ಖೋಡೆ ಅವರ ಖೋಡೆ ಫೌಂಡೇಶನ್‌ನವರು ಅದನ್ನು ಸ್ಥಳಾಂತರ ಮಾಡುವ ಕೆಲಸ ವಹಿಸಿಕೊಂಡರು. ಕಲ್ಲು ಕಲ್ಲಿಗೂ ಗುರುತು ಹಾಕಿ, ಫೋಟೋ ತೆಗೆದು, ಬಿಚ್ಚಿ ತಂದು, ಸುಮಾರು ಒಂದು ಕಿಲೋಮೀಟರ್ ಆಚೆ ಹೊಸ ಕನ್ನಂಬಾಡಿ ಹತ್ತಿರ ಮತ್ತೆ ಜೋಡಿಸಿದರು. ಹಾಳಾದ ಕಲ್ಲಿನ ಬದಲು ಹೊಸ ಕಲ್ಲು ಕೆತ್ತಿಸಿದರು. ಕೆಲಸ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಅಂದರೆ, ನೋಡಲು ಬರುವವರು ಅದು ಮೊದಲಿನಿಂದಲೂ ಅಲ್ಲೇ ಇತ್ತು ಅಂದುಕೊಳ್ಳುತ್ತಾರೆ. ಫೋಟೋ ತೆಗೆದು ಹೊರಟುಬಿಡುತ್ತಾರೆ.

ಇನ್ನೊಮ್ಮೆ ಹೋದಾಗ ಹೊಸ ಕನ್ನಂಬಾಡಿ ಊರಿನೊಳಗೂ ಒಂದು ಸುತ್ತು ಹಾಕಿ. ಜಗಲಿ ಮೇಲೆ ಕೂತ ಹಿರಿಯರನ್ನು "ಹಳೆ ಊರು ಎಲ್ಲಿತ್ತಣ್ಣ?" ಅಂತ ಕೇಳಿ. ಏಪ್ರಿಲ್, ಮೇ ತಿಂಗಳಾದರೆ ಒಳ್ಳೆಯದು, ನೀರು ಹಿಂದೆ ಸರಿದಿರುತ್ತದೆ. ಮಕ್ಕಳಿದ್ದರೆ ನೀರಿಗೆ ಇಳಿಯಲು ಬಿಡಬೇಡಿ. ದಡ ಸಮುದ್ರದ ಹಾಗೆ ಕಂಡರೂ ಅಡಿಯಲ್ಲಿ ಕೆಸರಿರುತ್ತದೆ, ಆಳ ಎಲ್ಲಿ ಜಾಸ್ತಿ ಆಗುತ್ತದೆ ಅಂತ ತಿಳಿಯುವುದಿಲ್ಲ.