ಕೃತಕ ಕಾಲಿನ ಹುಡುಗ ಎಲ್ಲರ ಜೊತೆ ಓಡಿದರೆ ಅನ್ಯಾಯವಾ?

ನಿಮ್ಮ ಕಾಲೇಜಿನ 400 ಮೀಟರ್ ಓಟಕ್ಕೆ ಕೃತಕ ಕಾಲಿನ ಹುಡುಗನೊಬ್ಬ ಹೆಸರು ಕೊಟ್ಟಿದ್ದಾನೆ, ಕೆಲವರು ತಕರಾರು ತೆಗೆದಿದ್ದಾರೆ, ಯಾರು ಸರಿ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಕೃತಕ ಕಾಲು ಮಾಡುವವನು. ನನಗೆ ಮೊದಲು ಬರುವ ಪ್ರಶ್ನೆ ಬೇರೆ: ಹೋಗಿರುವುದು ಒಂದು ಕಾಲಾ, ಎರಡೂನಾ?

ಒಂದೇ ಆದರೆ ಅಳತೆ ಮೈಮೇಲೇ ಇರುತ್ತದೆ. ಟ್ರಯಲ್‌ಗೆ ನಿಲ್ಲಿಸಿ, ಸೊಂಟದ ಎರಡೂ ಮೂಳೆಗಳ ಮೇಲೆ ಕೈಯಿಟ್ಟು ನೋಡುತ್ತೇವೆ. ಒಂದು ಕಡೆ ತಗ್ಗಿದ್ದರೆ ಪಾದದ ಕೆಳಗೆ ತೆಳು ಹಲಗೆ ಚೂರು ಇಡುತ್ತಾ ಸಮ ಮಾಡುತ್ತೇವೆ. ಎರಡೂ ಇಲ್ಲದವರಿಗೆ ಹೋಲಿಸಿ ನೋಡಲು ಕಾಲೇ ಇಲ್ಲ. ಎಷ್ಟೆತ್ತರ ಅನ್ನುವುದು ನಮ್ಮ ಕೈಲಿರುತ್ತದೆ. (ಸ್ವಲ್ಪ ಉದ್ದ ಮಾಡಿ ಸಾರ್ ಅನ್ನುವವರೂ ಇದ್ದಾರೆ, ಹೆಣ್ಣು ನೋಡಲು ಹೋಗುವುದಿದ್ದರಂತೂ!)

ದೊಡ್ಡ ಜಗಳ ಆಗಿದ್ದೂ ಇದಕ್ಕೇ. ಅಮೆರಿಕದ ಓಟಗಾರ ಬ್ಲೇಕ್ ಲೀಪರ್‌ಗೆ ಹುಟ್ಟಿನಿಂದಲೇ ಮೊಣಕಾಲಿನ ಕೆಳಗೆ ಎರಡೂ ಕಾಲಿಲ್ಲ. ಬ್ಲೇಡಿನಿಂದ (ಓಟಕ್ಕೆಂದೇ ಮಾಡಿದ, ಸ್ಪ್ರಿಂಗ್ ಥರ ಚಿಮ್ಮುವ ಬಾಗಿದ ಪಟ್ಟಿಯಂಥ ಕೃತಕ ಪಾದ) ತನಗೆ ಲಾಭವಿಲ್ಲ ಅಂತ ಓಟಗಾರನೇ ಸಾಬೀತು ಮಾಡಬೇಕೆಂಬ ನಿಯಮ ತಪ್ಪು ಅಂತ 2020ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಹೇಳಿತು. ಆದರೂ ಅವರ ಬ್ಲೇಡಿಗೆ ಒಪ್ಪಿಗೆ ಸಿಗಲಿಲ್ಲ. ಸ್ವಂತ ಕಾಲಿದ್ದಿದ್ದರೆ ಎಷ್ಟೆತ್ತರ ಇರುತ್ತಿದ್ದರು ಅಂತ ಲೆಕ್ಕ ಹಾಕಿ, ಬ್ಲೇಡ್ ಹಾಕಿದರೆ ಅದಕ್ಕಿಂತ ಸುಮಾರು 15 ಸೆಂಟಿಮೀಟರ್ ಜಾಸ್ತಿ ಎತ್ತರ ಆಗುತ್ತಾರೆ ಅಂದರು. ಆ ಲೆಕ್ಕದಲ್ಲಿ ಕಪ್ಪು ಜನರ ಅಳತೆಯನ್ನೇ ಸೇರಿಸಿಲ್ಲ ಅನ್ನುವುದು ಲೀಪರ್ ವಾದ, ಅದನ್ನೂ ತಳ್ಳಿಹಾಕುವ ಹಾಗಿಲ್ಲ. ಆದರೆ ಎತ್ತರಕ್ಕೊಂದು ಮಿತಿ ಬೇಕು ಅನ್ನುವುದಕ್ಕೆ ನನ್ನ ಓಟು. ಇಲ್ಲದಿದ್ದರೆ ಗೆಲ್ಲಿಸುವವನು ಕಾಲು ಮಾಡುವವನೇ ಆಗಿಬಿಡುತ್ತಾನೆ.

ಲಾಂಗ್ ಜಂಪ್ ಮಾತ್ರ ಬೇರೆ ಕಥೆ. ಜರ್ಮನಿಯ ಮಾರ್ಕುಸ್ ರೆಮ್‌ಗೆ ಹೋಗಿರುವುದು ಒಂದೇ ಕಾಲು, ಆದರೆ ನೆಲ ಒದ್ದು ಹಾರುವುದು ಬ್ಲೇಡ್ ಇರುವ ಕಾಲಿನಿಂದಲೇ. 2023ರಲ್ಲಿ 8.72 ಮೀಟರ್ ಹಾರಿದರು. ಟೋಕಿಯೊ ಒಲಿಂಪಿಕ್ಸ್ ಚಿನ್ನಕ್ಕೆ 8.41 ಸಾಕಾಗಿತ್ತು! ಅವರೂ ನಮ್ಮ ಕಸುಬಿನವರೇ, ಕೃತಕ ಕಾಲು ಮಾಡುವುದನ್ನು ಕಲಿತವರು. ಅಭಿಮಾನ ಇದೆ, ಆದರೂ ಅವರ ಪದಕ ಬೇರೆ ಇರಲಿ ಅಂತಲೇ ಹೇಳುತ್ತೇನೆ.

ಇನ್ನು ನಿಮ್ಮ ಹುಡುಗ. ಲಕ್ಷಗಟ್ಟಲೆ ಬೆಲೆಯ ಬ್ಲೇಡ್ ಅವನ ಹತ್ತಿರ ಇರುವುದು ಅನುಮಾನ. ಒಂದೇ ಕಾಲು, ಮಾಮೂಲಿ ರಬ್ಬರ್ ಪಾದ ಆದರೆ ತಕರಾರಿಗೆ ಅರ್ಥವೇ ಇಲ್ಲ. ಅದು ನಡೆಯಲು ಮಾಡಿದ್ದು, ಒದ್ದರೆ ಸ್ಪ್ರಿಂಗ್ ಥರ ಚಿಮ್ಮುವುದಿಲ್ಲ. ಸುಮ್ನೆ ಓಡಲು ಬಿಡಿ. ಈ ಬಿಸಿಲಲ್ಲಿ ಸಾಕೆಟ್ (ಉಳಿದ ಕಾಲು ಕೂರುವ ಬಟ್ಟಲು) ಒಳಗೆ ಬೆವರಿಳಿದು ಕಾಲು ಜಾರುತ್ತದೆ, ಚರ್ಮ ಉಜ್ಜಿ ಗುಳ್ಳೆ ಏಳುತ್ತದೆ. ಓಟಕ್ಕೆ ಮುಂಚೆ ಕಾಲು ಬಿಚ್ಚಿ, ಒರೆಸಿಕೊಂಡು, ಒಣ ಸಾಕ್ಸ್ ಹಾಕಿಕೊಳ್ಳಲು ಅವನಿಗೆ ಹತ್ತು ನಿಮಿಷ ಕೊಡಿ ಅಂತ ಪಿಇ ಮೇಷ್ಟ್ರಿಗೆ ಹೇಳಿ.